ವೈದ್ಯವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾಯರು

ಲೋಕಕ್ಕೆ ಉಪಕಾರ ಮಾಡಿದವರಲ್ಲಿ ಎರಡು ಬಗೆಯವರನ್ನು ಕಾಣುತ್ತೇವೆ. ಕೆಲಸದೊಡನೆ ಹೆಸರೂ ಮನೆಮನೆಯನ್ನು ಮುಟ್ಟಿದವರು ಒಂದು ಬಗೆ. ಕೆಲಸವು ಮನೆಮನೆಯನ್ನು ಸೇರಿದರೂ ಅದನ್ನು ಮಾಡಿದವರಾರೆಂಬುದು ಆ ಮನೆಯವರಿಗೆ ತಿಳಿಯದೆ ಹೋದವರು ಇನ್ನೊಂದು ಬಗೆ. ಈ ಎರಡನೆಯ ಪಂಕ್ತಿಯಲ್ಲಿ ಯಲ್ಲಾಪ್ರಗಡ ಸುಬ್ಬರಾಯರಿಗೆ ಮೊದಲ ಮಣೆ ಹಾಕಬೇಕೆಂದು ನನ್ನ ಎಣಿಕೆ. ಜೀವರಸಾಯನ ಶಾಸ್ತ್ರವನ್ನು ಬಲ್ಲವರಲ್ಲಿ ಅವರ ಹೆಸರನ್ನು ಕೇಳದವರಿಲ್ಲ. ಆದರೆ ಅವರ ಔಷಧಗಳಿಂದ ಬದುಕಿದವರಲ್ಲಿ ಆ ಹೆಸರನ್ನು ಕೇಳಿದವರು ಸಾವಿರಕ್ಕೊಬ್ಬರಾದರೂ ಇರುವರೋ ಇಲ್ಲವೋ.

ಬಸುರಿ ಹೆಣ್ಣುಮಗಳಿಗೆ ವೈದ್ಯರು ಬರೆದುಕೊಡುವ ಫೋಲಿಕ್ ಆಮ್ಲದ ಮಾತ್ರೆ. ಆನೆಕಾಲು ರೋಗದ ನಿವಾರಣೆಗೆಂದು ನಮ್ಮ ಉಡುಪಿ, ದಕ್ಷಿಣ ಕನ್ನಡ, ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ಮನೆಮನೆಗೂ ಹಂಚಲಾದ ಮಾತ್ರೆ. ಪ್ಲೇಗಿನಂಥ ಮಾರಿಯನ್ನೂ ಹಿಮ್ಮೆಟ್ಟಿಸುವ ಟೆಟ್ರಾಸೈಕ್ಲಿನ್ ಬಳಗದ ಔಷಧಗಳು. ರಕ್ತದ ಕ್ಯಾನ್ಸರಿಗೆ ತುತ್ತಾದ ಮಗುವಿಗೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ — ಈ ನಾಲ್ಕರ ಮೂಲವನ್ನು ಅರಸಿಕೊಂಡು ಹೋದರೆ ನಾವು ಮುಟ್ಟುವುದು ಒಂದೇ ಪ್ರಯೋಗಶಾಲೆಯನ್ನು, ಆ ಪ್ರಯೋಗಶಾಲೆಯ ಒಬ್ಬನೇ ಮುಖ್ಯಸ್ಥನನ್ನು.

ನಾನು ಮೈಸೂರಿನ ಅಂಚಿನ ಹೂಟಗಳ್ಳಿಯಲ್ಲಿ ನೆಲೆಸಿದವನು, ವೃತ್ತಿಯಿಂದ ಉಪಾಧ್ಯಾಯ. ಎ.ಟಿ.ಪಿ. ಎಂಬ ಮೂರಕ್ಷರವನ್ನು ಬಹುಕಾಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ದೇಹದ ಶಕ್ತಿಯ ನಾಣ್ಯ ಅದೆಂದು ಮಕ್ಕಳು ಉರುಹೊಡೆಯುತ್ತಾರೆ. ಆ ನಾಣ್ಯವನ್ನು ಮೊದಲು ಗುರುತಿಸಿದವರಲ್ಲಿ ನಮ್ಮ ನೆರೆನಾಡಿನ, ಗೋದಾವರಿ ತೀರದ ತೆಲುಗು ಮನೆತನದವರೊಬ್ಬರಿದ್ದರೆಂದು ಹೇಳಿದಾಗ ಮಕ್ಕಳ ಮುಖದಲ್ಲಿ ಮೂಡುವ ಅಚ್ಚರಿಯೇ ಈ ಲೇಖನಕ್ಕೆ ಪ್ರೇರಣೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸುಬ್ಬರಾಯರು ಹುಟ್ಟಿದುದು 1895ರ ಜನವರಿ 12ರಂದು, ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಭೀಮವರದಲ್ಲಿ. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿದ್ದವರು. ಅನಾರೋಗ್ಯದಿಂದ ಕೆಲಸವನ್ನು ಬೇಗನೆ ಬಿಡಬೇಕಾಯಿತು. ತಾಯಿ ವೆಂಕಮ್ಮ. ಏಳು ಮಂದಿ ಮಕ್ಕಳಲ್ಲಿ ಸುಬ್ಬರಾಯರು ನಾಲ್ಕನೆಯವರು. ಸಂಸಾರ ದೊಡ್ಡದು, ವರಮಾನ ಚಿಕ್ಕದು. ಅದರ ಮೇಲೆ ಮನೆಯಲ್ಲಿ ರೋಗವೂ ಸಾವೂ ಬಿಡದೆ ಸುಳಿಯುತ್ತಿದ್ದುವು.

ಇಂಥ ಮನೆಯ ಹುಡುಗನಿಗೆ ಓದು ಹತ್ತಲಿಲ್ಲವೆಂದರೆ ಆಶ್ಚರ್ಯವೇನೂ ಇಲ್ಲ. ಹದಿಮೂರರ ಪ್ರಾಯದಲ್ಲಿ ಮನೆ ಬಿಟ್ಟು, ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುವೆನೆಂದು ಹೊರಟರೆಂದೂ, ತಾಯಿ ಹಿಂಬಾಲಿಸಿ ಕರೆತಂದರೆಂದೂ ಅವರ ಚರಿತ್ರಕಾರರು ಬರೆಯುತ್ತಾರೆ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ನಪಾಸಾದರು. ಮೂರನೆಯ ಸಲ ಮದರಾಸಿನ ಹಿಂದೂ ಹೈಸ್ಕೂಲಿನಿಂದ ಕಟ್ಟಿ ತೇರ್ಗಡೆಯಾದರು. ಪರೀಕ್ಷೆಯ ಫಲಿತಾಂಶವನ್ನು ಮನುಷ್ಯನ ಅಳತೆಗೋಲೆಂದು ಭಾವಿಸುವ ನಮ್ಮ ಕಾಲದ ತಂದೆತಾಯಿಗಳು ಈ ಸಂಗತಿಯನ್ನು ಒಂದು ನಿಮಿಷ ಮನಸ್ಸಿನಲ್ಲಿಟ್ಟುಕೊಳ್ಳಬಹುದು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್ಮೀಡಿಯೆಟ್ ಓದುತ್ತಿದ್ದಾಗ ಅವರ ಮನಸ್ಸು ರಾಮಕೃಷ್ಣ ಆಶ್ರಮದ ಕಡೆಗೆ ಒಲಿಯಿತು. ಸಂನ್ಯಾಸಿಯಾಗಬೇಕೆಂದು ಹೊರಟರು, ತಾಯಿ ಒಪ್ಪಿಗೆ ಕೊಡಲಿಲ್ಲ. ತಾಯಿಯ ಅನುಮತಿಯಿಲ್ಲದೆ ಆಶ್ರಮದವರೂ ಸೇರಿಸಿಕೊಳ್ಳಲಿಲ್ಲ. ವೈದ್ಯನಾಗಿ ಜನಸೇವೆ ಮಾಡಬಹುದೆಂದು ದಾರಿ ತೋರಿದರು. ಹೀಗೆ ಸುಬ್ಬರಾಯರು ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಸ್ನೇಹಿತರ ನೆರವಿನೊಡನೆ, ಮುಂದೆ ಮಾವನಾದ ಕಸ್ತೂರಿ ಸೂರ್ಯನಾರಾಯಣಮೂರ್ತಿಗಳ ನೆರವೂ ಅವರ ಓದಿಗೆ ಆಧಾರವಾಯಿತು. ಮೂರ್ತಿಗಳ ಮಗಳು ಶೇಷಗಿರಿಯೊಡನೆ ಅವರ ವಿವಾಹವಾಯಿತು.

ಗಾಂಧೀಜಿಯವರ ಕರೆ ದೇಶವನ್ನೆಲ್ಲ ತುಂಬಿದ್ದ ಕಾಲ ಅದು. ಸುಬ್ಬರಾಯರು ಶಸ್ತ್ರಚಿಕಿತ್ಸಾ ಕೊಠಡಿಗೂ ಖಾದಿಯನ್ನುಟ್ಟು ಹೋದರು. ಪ್ರಾಧ್ಯಾಪಕ ಬ್ರಾಡ್‌ಫೀಲ್ಡರಿಗೆ ಇದು ಸರಿಬೀಳಲಿಲ್ಲ. ಬರಹದ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದರೂ ಕೊನೆಗೆ ದೊರೆತುದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ. ಸರ್ಕಾರಿ ವೈದ್ಯಸೇವೆಯ ಬಾಗಿಲೂ ತೆರೆಯಲಿಲ್ಲ. ಮದರಾಸಿನಲ್ಲಿ ಡಾ. ಲಕ್ಷ್ಮೀಪತಿಗಳ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕ ವೃತ್ತಿಯನ್ನು ಹಿಡಿದರು.

ಮನೆಯನ್ನು ಹೊಕ್ಕ ರೋಗ

ಈ ನಡುವೆ ಅವರ ಬಾಳನ್ನು ತಿರುಗಿಸಿದ ಘಟನೆಯೊಂದು ನಡೆಯಿತು. ಅವರ ಸಹೋದರರಿಬ್ಬರು ಕೆಲವೇ ದಿನಗಳ ಅಂತರದಲ್ಲಿ ಒಂದೇ ರೋಗಕ್ಕೆ ಬಲಿಯಾದರು. ಆ ರೋಗಕ್ಕೆ ಸ್ಪ್ರೂ ಎಂದು ಹೆಸರು. ನಮ್ಮ ಹಳೆಯ ವೈದ್ಯರು ಸಂಗ್ರಹಣಿ ಎಂದು ಕರೆಯುತ್ತಿದ್ದ ಬೇನೆಗೆ ಹತ್ತಿರವಾದುದು. ಸ್ಪ್ರೂ ಹಿಡಿದವನು ಉಂಡದ್ದು ಮೈಗೆ ಹತ್ತುವುದಿಲ್ಲ. ಭೇದಿ ನಿಲ್ಲುವುದಿಲ್ಲ, ನಾಲಗೆ ಹುಣ್ಣಾಗುತ್ತದೆ, ರಕ್ತ ತಿಳಿಯಾಗುತ್ತದೆ, ತಟ್ಟೆಯ ತುಂಬ ಅನ್ನವಿದ್ದರೂ ದೇಹ ಉಪವಾಸದಿಂದ ಒಣಗುತ್ತದೆ. ಸುಬ್ಬರಾಯರಿಗೂ ಅದೇ ರೋಗ ತಗುಲಿತು. ಲಕ್ಷ್ಮೀಪತಿಗಳ ಆಯುರ್ವೇದ ಚಿಕಿತ್ಸೆಯಿಂದ ಅವರು ಬದುಕಿಕೊಂಡರು.

ಅನ್ನವಿದ್ದೂ ದೇಹ ಏಕೆ ಸೊರಗುತ್ತದೆ? ಅನ್ನದಲ್ಲಿ ಕಣ್ಣಿಗೆ ಕಾಣದ, ಸಾಸಿವೆಯಷ್ಟೂ ಬೇಕಿಲ್ಲದ ಯಾವ ವಸ್ತುವಿನ ಕೊರತೆಯಿಂದ ರಕ್ತ ಕೆಡುತ್ತದೆ? ಈ ಪ್ರಶ್ನೆ ಅವರನ್ನು ಜೀವಮಾನವಿಡೀ ಬೆನ್ನಟ್ಟಿತೆಂದು ಅವರ ಕೆಲಸದ ಜಾಡೇ ಹೇಳುತ್ತದೆ. ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ್ ಧರ್ಮಸಂಸ್ಥೆಯ ನೆರವಿನ ಭರವಸೆ, ಮಾವನವರು ಕೂಡಿಸಿಕೊಟ್ಟ ಹಣ, ಇವನ್ನು ನೆಚ್ಚಿಕೊಂಡು 1920ರ ದಶಕದ ಮೊದಲ ವರ್ಷಗಳಲ್ಲಿ ಅವರು ಅಮೆರಿಕೆಗೆ ಹಡಗು ಹತ್ತಿದರು. ಮಡದಿ ಇಲ್ಲಿಯೇ ಉಳಿದರು. ಅವರಿಗೆ ಹುಟ್ಟಿದ ಒಬ್ಬನೇ ಮಗ ಶೈಶವದಲ್ಲಿಯೇ ತೀರಿಕೊಂಡನು. ತಂದೆ ಆ ಮಗುವಿನ ಮುಖವನ್ನು ನೋಡಲಿಲ್ಲ; ಮಡದಿಯನ್ನೂ ಮತ್ತೆ ನೋಡಲಿಲ್ಲ. ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ಇದನ್ನು ತ್ಯಾಗವೆಂಬ ಒಂದು ಮಾತಿನಲ್ಲಿ ಮುಗಿಸುವುದು ವಾಡಿಕೆ. ಆದರೆ ಆ ತ್ಯಾಗದಲ್ಲಿ ಹೆಚ್ಚಿನ ಪಾಲು ಯಾರದೆಂಬುದನ್ನು ವಾಚಕರು ತಾವೇ ಯೋಚಿಸಬೇಕು.

ಬಾಸ್ಟನ್ನಿನ ದಿನಗಳು

ಬಾಸ್ಟನ್ ನಗರದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಷ್ಣವಲಯ ವೈದ್ಯಶಾಲೆಗೆ ಸುಬ್ಬರಾಯರು ಸೇರಿದರು. ಕೈಯಲ್ಲಿದ್ದ ಹಣ ಬೇಗನೆ ಕರಗಿತು. ವೈದ್ಯನೆಂದು ದುಡಿಯಲು ಅಲ್ಲಿ ಅವರ ಪ್ರಮಾಣಪತ್ರ ಸಾಲದು. ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿಯ ಪಾಳಿಯ ಕೆಲಸದಾಳಾಗಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದು ಹೊಟ್ಟೆ ಹೊರೆದರು. ಹಗಲು ಪಾಠ, ರಾತ್ರಿ ಈ ಚಾಕರಿ. ಸಂನ್ಯಾಸವನ್ನು ತಾಯಿ ತಪ್ಪಿಸಿದರೂ ಸಂನ್ಯಾಸಿಯ ದಿನಚರಿಯನ್ನು ವಿಧಿ ತಪ್ಪಿಸಲಿಲ್ಲವೆಂದು ನನಗೆ ತೋರುತ್ತದೆ.

ಡಿಪ್ಲೊಮಾ ಮುಗಿದ ತರುವಾಯ ಅವರು ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಎಂಬ ಪ್ರಾಧ್ಯಾಪಕರ ಬಳಿ ಕೆಲಸಕ್ಕೆ ನಿಂತರು. ರಕ್ತದಲ್ಲಿಯೂ ಮೂತ್ರದಲ್ಲಿಯೂ ಇರುವ ರಂಜಕವನ್ನು ಅಳೆಯುವ ಸುಲಭವಾದ ಕ್ರಮವನ್ನು ಕಂಡುಹಿಡಿಯಬೇಕಾಗಿತ್ತು. ಎಲುಬು ಮೆದುವಾಗಿ ಮಕ್ಕಳ ಕಾಲು ಬಾಗುವ ರಿಕೆಟ್ಸ್ ರೋಗ ಅಂದು ಬಾಸ್ಟನ್ನಿನಂಥ ಶೀತಲ ನಗರಗಳಲ್ಲಿ ಸಾಮಾನ್ಯ. ರೋಗದ ಪತ್ತೆಗೆ ರಂಜಕದ ಲೆಕ್ಕ ಬೇಕು. ಆದರೆ ಮಗುವಿನಿಂದ ಎಷ್ಟು ರಕ್ತವನ್ನು ತೆಗೆಯಲು ಸಾಧ್ಯ? ಹನಿಯಷ್ಟು ರಕ್ತದಲ್ಲಿ ಲೇಶದಷ್ಟು ಖನಿಜವನ್ನು ಅಳೆಯಬೇಕು. ಮಾಲಿಬ್ಡೇಟ್ ಎಂಬ ಲವಣವನ್ನು ಸೇರಿಸಿದಾಗ ದ್ರಾವಣ ನೀಲಿಯಾಗುವುದು. ನೀಲಿಯ ಗಾಢತೆಯಿಂದ ರಂಜಕದ ಪ್ರಮಾಣವನ್ನು ಓದಬಹುದು. 1925ರಲ್ಲಿ ಪ್ರಕಟವಾದ ಈ ಕ್ರಮ ಫಿಸ್ಕ್–ಸುಬ್ಬರಾವ್ ವಿಧಾನವೆಂದು ಲೋಕಪ್ರಸಿದ್ಧವಾಯಿತು. ಇಂದಿಗೂ ಕಾಲೇಜಿನ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ಅದನ್ನು ಕಲಿಯುತ್ತಾರೆ.

ಒಳ್ಳೆಯ ತಕ್ಕಡಿ ಕೈಗೆ ಬಂದಮೇಲೆ ಹೊಸ ಹೊಸ ಪದಾರ್ಥಗಳು ತೂಗಿಗೆ ಬೀಳತೊಡಗಿದುವು. 1927ರಲ್ಲಿ ಸ್ನಾಯುಗಳಲ್ಲಿರುವ ಫಾಸ್ಫೋಕ್ರಿಯೇಟಿನ್ ಗೋಚರವಾಯಿತು. 1929ರಲ್ಲಿ ಎ.ಟಿ.ಪಿ. ಬಂದಿತು, ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಅದನ್ನು ಕಂಡಿದ್ದನು. ಸ್ನಾಯುವಿನ ಶಕ್ತಿಗೆ ಲ್ಯಾಕ್ಟಿಕ್ ಆಮ್ಲವೇ ಮೂಲವೆಂಬ ಅಭಿಪ್ರಾಯ, ಅದನ್ನು ಪ್ರತಿಪಾದಿಸಿದವರಿಗೆ 1922ರ ನೊಬೆಲ್ ಪಾರಿತೋಷಕ ದೊರೆತಿದ್ದರೂ, ಇದರಿಂದ ಅಲುಗಾಡಿತು. 1930ರಲ್ಲಿ ಸುಬ್ಬರಾಯರಿಗೆ ಹಾರ್ವರ್ಡಿನ ಪಿಎಚ್.ಡಿ. ಪದವಿ ಬಂದಿತು.

ಪದವಿ ಬಂದಿತೇ ಹೊರತು ಪದವಿಗೆ ತಕ್ಕ ಸ್ಥಾನ ಬರಲಿಲ್ಲ. ಅವರೊಡನೆ ಅದೇ ವಿಭಾಗದಲ್ಲಿ ಓದಿದ, ಮುಂದೆ 1988ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಜಾರ್ಜ್ ಹಿಚಿಂಗ್ಸ್, ಸುಬ್ಬರಾಯರ ಶೋಧಗಳಲ್ಲಿ ಕೆಲವನ್ನು ಫಿಸ್ಕ್ ಬೆಳಕಿಗೆ ಬರಗೊಡಲಿಲ್ಲವೆಂದೂ, ವರ್ಷಗಳ ಬಳಿಕ ಇತರರು ಅವನ್ನೇ ಮತ್ತೆ ಕಂಡುಹಿಡಿಯಬೇಕಾಯಿತೆಂದೂ ನೆನೆದಿದ್ದಾನೆ. ಸುಬ್ಬರಾಯರಾದರೋ ತಮ್ಮ ಪಾಲನ್ನು ಎತ್ತಿ ಹೇಳಿಕೊಳ್ಳುವ ಸ್ವಭಾವದವರಲ್ಲ. ಹಾರ್ವರ್ಡಿನಲ್ಲಿ ಸ್ಥಿರವಾದ ಪ್ರಾಧ್ಯಾಪಕ ಹುದ್ದೆ ಅವರಿಗೆ ಕೊನೆಗೂ ದಕ್ಕಲಿಲ್ಲ.

ಈ ಅವಧಿಯಲ್ಲಿ ಅವರ ಮನಸ್ಸು ತನ್ನ ಹಳೆಯ ಪ್ರಶ್ನೆಗೆ ಮರಳಿದ್ದಿತು. ಮಾರಕವಾದ ಒಂದು ಬಗೆಯ ರಕ್ತಹೀನತೆ ಯಕೃತ್ತಿನ ಆಹಾರದಿಂದ ಗುಣವಾಗುವುದೆಂದು 1926ರಲ್ಲಿ ಬಾಸ್ಟನ್ನಿನಲ್ಲಿಯೇ ಮೈನಟ್, ಮರ್ಫಿ ಎಂಬ ವೈದ್ಯರು ತೋರಿಸಿದ್ದರು. ಯಕೃತ್ತಿನಲ್ಲಿ ಅಡಗಿರುವ ಆ ಸತ್ವವಾವುದು? ಸುಬ್ಬರಾಯರು ವರ್ಷಗಟ್ಟಲೆ ಅದನ್ನು ಸೋಸಿದರು. ಅದು ಬಿ12 ಎಂಬ ಜೀವಸತ್ವ. 1948ರಲ್ಲಿ ಇತರರು ಅದನ್ನು ಕೆಂಪು ಹರಳಾಗಿ ಪ್ರತ್ಯೇಕಿಸಿದರು. ಅದರ ನಡುವೆ ಕೂತಿದ್ದುದು ಕೋಬಾಲ್ಟ್ ಲೋಹದ ಒಂದೇ ಒಂದು ಪರಮಾಣು. ಗಡಿಗೆಗೆ ಬಣ್ಣ ಕೊಡುವ ಲೋಹ, ದಿನಕ್ಕೆ ಮಿಲಿಗ್ರಾಮಿನ ಸಾವಿರದ ಒಂದೆರಡು ಪಾಲು ಬಿ12 ಆಗಿ ಒಳಗೆ ಸೇರಿ, ಮನುಷ್ಯನ ರಕ್ತವನ್ನು ಕಾಯುತ್ತದೆ! ಲೇಶ ಖನಿಜಗಳ ಮಹಿಮೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದೃಷ್ಟಾಂತ ಸಿಕ್ಕದು.

ಎಲೆಯ ಆಮ್ಲ

1940ರಲ್ಲಿ ಸುಬ್ಬರಾಯರು ಹಾರ್ವರ್ಡನ್ನು ಬಿಟ್ಟು ನ್ಯೂಯಾರ್ಕ್ ಪ್ರಾಂತದ ಪರ್ಲ್ ರಿವರಿನಲ್ಲಿದ್ದ ಲೆಡರ್ಲಿ ಪ್ರಯೋಗಶಾಲೆಗಳನ್ನು ಸೇರಿದರು. ಎರಡೇ ವರ್ಷಗಳಲ್ಲಿ ಅಲ್ಲಿಯ ಸಂಶೋಧನೆಗೆಲ್ಲ ನಿರ್ದೇಶಕರಾದರು. ರಾತ್ರಿಯ ಪಾಳಿಯಲ್ಲಿ ಪಾತ್ರೆ ತೊಳೆದಿದ್ದ ಕೈಯ ಕೆಳಗೆ ಈಗ ರಸಾಯನಶಾಸ್ತ್ರಜ್ಞರು, ಜೀವವಿಜ್ಞಾನಿಗಳು, ವೈದ್ಯರು ಕೂಡಿದ ದೊಡ್ಡ ಪಡೆಯೊಂದು ನಿಂತಿದ್ದಿತು.

ಅಲ್ಲಿ ನಡೆದ ಮೊದಲ ದೊಡ್ಡ ಕೆಲಸ ಫೋಲಿಕ್ ಆಮ್ಲದ್ದು. ಇದರ ಕಥೆ ಆರಂಭವಾದುದು ನಮ್ಮ ದೇಶದಲ್ಲಿ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಬಟ್ಟೆ ಗಿರಣಿಗಳ ಬಡ ಬಸುರಿ ಹೆಂಗಸರಲ್ಲಿ ಕಂಡುಬರುತ್ತಿದ್ದ ಭೀಕರ ರಕ್ತಹೀನತೆಯನ್ನು ಯೀಸ್ಟಿನ ಸಾರದಿಂದ ಗುಣಪಡಿಸಬಹುದೆಂದು ಕಂಡುಕೊಂಡಳು. ಆ ಸಾರದಲ್ಲಿದ್ದ ಅಜ್ಞಾತ ವಸ್ತುವಿಗೆ ಬಹುಕಾಲ ಆಕೆಯ ಹೆಸರೇ ನಿಂತಿದ್ದಿತು. 1941ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪನ್ನು ಅರೆದು ಅಂಥದೇ ವಸ್ತುವನ್ನು ತೆಗೆದವರು, ಲ್ಯಾಟಿನ್ ಭಾಷೆಯಲ್ಲಿ ಎಲೆಗಿರುವ ಹೆಸರನ್ನು ಹಿಡಿದು ಅದನ್ನು ಫೋಲಿಕ್ ಆಮ್ಲವೆಂದು ಕರೆದರು. ನಾಲ್ಕು ಟನ್ ಸೊಪ್ಪಿನಿಂದ ದೊರೆತುದು ಚಿಟಿಕೆಯಷ್ಟು. ಹೀಗಾದರೆ ರೋಗಿಗಳಿಗೆ ಕೊಡುವುದೆಲ್ಲಿಂದ? ಲೆಡರ್ಲಿಯಲ್ಲಿ ಸ್ಟೋಕ್‌ಸ್ಟಾಡ್ ಅದನ್ನು ಹರಳಾಗಿ ಪ್ರತ್ಯೇಕಿಸಿದನು; ಆಂಜಿಯರ್ ಮೊದಲಾದವರ ತಂಡ ಸುಬ್ಬರಾಯರ ನಿರ್ದೇಶನದಲ್ಲಿ ಅದರ ರಚನೆಯನ್ನು ಬಿಡಿಸಿ, 1945ರಲ್ಲಿ ಕೃತಕವಾಗಿ ತಯಾರಿಸಿತು. ಹಳದಿಯ ಈ ಪುಡಿ ಬಸುರಿಯರ ರಕ್ತಹೀನತೆಯನ್ನು ನೀಗಿತು. ಸ್ಪ್ರೂ ರೋಗಿಗಳ ನಾಲಗೆಯ ಹುಣ್ಣನ್ನು ಮಾಯಿಸಿ, ರಕ್ತವನ್ನು ತುಂಬಿತು. ಗರ್ಭ ಕಟ್ಟುವ ಮೊದಲಿನಿಂದಲೇ ಸೇವಿಸಿದರೆ ಶಿಶುವಿನ ಬೆನ್ನುಹುರಿಯ ದೋಷಗಳನ್ನು ಬಹುಮಟ್ಟಿಗೆ ತಡೆಯಬಹುದೆಂಬುದು 1991ರಲ್ಲಿ ಸ್ಥಿರಪಟ್ಟಿತು.

ಪೋಷಣೆಯಿಂದ ಪ್ರತಿವಿಷಕ್ಕೆ

ಈಗ ಕಥೆಯ ಮರ್ಮಕ್ಕೆ ಬಂದೆವು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗಶಾಸ್ತ್ರಜ್ಞನಿದ್ದನು. ರಕ್ತದ ಕ್ಯಾನ್ಸರ್ ಆದ ಮಕ್ಕಳು ಅಂದು ವಾರಗಳಲ್ಲಿ, ಹೆಚ್ಚೆಂದರೆ ತಿಂಗಳುಗಳಲ್ಲಿ ಸಾಯುತ್ತಿದ್ದರು. ಮೂಳೆಯ ಮಜ್ಜೆಯಲ್ಲಿ ಪಕ್ವವಾಗದ ಬಿಳಿಯ ರಕ್ತಕಣಗಳು ಕಳೆಯಂತೆ ಬೆಳೆದು, ಕೆಂಪು ಕಣಗಳಿಗೆ ಎಡೆಯಿಲ್ಲದಂತೆ ಮಾಡುತ್ತಿದ್ದುವು. ಮಗು ಬಿಳುಚಿಕೊಂಡು, ಒಸಡಿನಲ್ಲಿ ರಕ್ತ ಸೋರಿ, ಜ್ವರದಲ್ಲಿ ಬೆಂದು ಹೋಗುತ್ತಿತ್ತು. ರಕ್ತಹೀನತೆಗೆ ಮದ್ದಾದ ಫೋಲಿಕ್ ಆಮ್ಲದ ಬಳಗದ ಪದಾರ್ಥಗಳನ್ನು ಫಾರ್ಬರ್ ಈ ಮಕ್ಕಳಿಗೆ ಕೊಟ್ಟು ನೋಡಿದನು. ಫಲ ವಿಪರೀತವಾಯಿತು, ರೋಗದ ವೇಗ ಹೆಚ್ಚಿದಂತೆ ಅವನಿಗೆ ಕಂಡಿತು. ಮಗುವಿಗೆಂದು ಕೊಟ್ಟ ಅನ್ನವನ್ನು ರೋಗವು ಕಸಿದುಕೊಂಡು ತಿಂದಿದ್ದಿತು.

ಇಂಥ ಗಳಿಗೆಯಲ್ಲಿ ಸಾಮಾನ್ಯರು ಕೈಚೆಲ್ಲುತ್ತಾರೆ. ಫಾರ್ಬರ್ ಮಾತ್ರ ಇದನ್ನು ತಿರುಗಿಸಿ ನೋಡಿದನು. ಈ ಸತ್ವದಿಂದ ರೋಗ ಬೆಳೆಯುವುದಾದರೆ, ಸತ್ವಕ್ಕೆ ತಡೆಯೊಡ್ಡಿದರೆ ರೋಗ ಬಾಡಬೇಕಲ್ಲವೆ? ಅಂಥ ತಡೆಯನ್ನು ಒದಗಿಸಬಲ್ಲ ರಸಾಯನಶಾಲೆ ಸುಬ್ಬರಾಯರದು. ಫೋಲಿಕ್ ಆಮ್ಲವನ್ನು ಕಟ್ಟಲು ಕಲಿತವರಿಗೆ ಅದರ ಒಂದು ಮೂಲೆಯನ್ನು ಬದಲಿಸಿ ಕಟ್ಟುವುದೂ ಸಾಧ್ಯವಾಗಿತ್ತು. ಡೋರಿಸ್ ಸೀಗರ್ ಎಂಬ ರಸಾಯನಶಾಸ್ತ್ರಜ್ಞೆಯೂ ಆಕೆಯ ಸಂಗಡಿಗರೂ 1947ರಲ್ಲಿ ಅಮಿನೊಪ್ಟೆರಿನ್ ಎಂಬುದನ್ನು ತಯಾರಿಸಿದರು. ಅದರ ಆಕಾರ ಫೋಲಿಕ್ ಆಮ್ಲದ್ದೇ; ಒಂದೆಡೆ ಮಾತ್ರ ಆಮ್ಲಜನಕವಿರಬೇಕಾದಲ್ಲಿ ಸಾರಜನಕದ ಕೂಟ. ಬೀಗದೊಳಕ್ಕೆ ಹೋಗುತ್ತದೆ, ತಿರುಗುವುದಿಲ್ಲ, ಹೊರಕ್ಕೂ ಬರುವುದಿಲ್ಲ. ನಿಜವಾದ ಕೀಲಿಗೆ ಎಡೆ ಇಲ್ಲದಂತಾಗುತ್ತದೆ. ಹೊಸ ಕಣ ಹುಟ್ಟಬೇಕಾದರೆ ಅದರ ವಂಶಸೂತ್ರವಾದ ಡಿ.ಎನ್.ಎ. ಇಮ್ಮಡಿಯಾಗಬೇಕು, ಆ ಕೆಲಸಕ್ಕೆ ಫೋಲಿಕ್ ಆಮ್ಲ ಬೇಕು. ಅದು ನಿಂತರೆ, ಎಡೆಬಿಡದೆ ಇಮ್ಮಡಿಸುತ್ತಿರುವ ಕ್ಯಾನ್ಸರ್ ಕಣಗಳಿಗೆ ಮೊದಲ ಏಟು.

1947ರ ಡಿಸೆಂಬರಿನ ಕೊನೆಯ ದಿನಗಳಲ್ಲಿ ಅಮಿನೊಪ್ಟೆರಿನ್ ಮೊದಲ ಮಗುವಿನ ಮೈಯನ್ನು ಸೇರಿತು. 1948ರ ಜೂನಿನಲ್ಲಿ ಫಾರ್ಬರ್ ತನ್ನ ವರದಿಯನ್ನು ಪ್ರಕಟಿಸಿದನು: ತೀವ್ರ ರೋಗದ ಹದಿನಾರು ಮಕ್ಕಳಲ್ಲಿ ಹತ್ತು ಮಂದಿಗೆ ರೋಗ ಇಳಿಮುಖವಾಗಿತ್ತು. ಹಾಸಿಗೆ ಹಿಡಿದಿದ್ದ ಮಕ್ಕಳು ಎದ್ದು ಓಡಾಡಿದರು. ಗೆಲುವು ಶಾಶ್ವತವಾಗಿರಲಿಲ್ಲ, ಕೆಲವು ತಿಂಗಳಲ್ಲಿ ರೋಗ ಮರುಕಳಿಸಿತು. ಆದರೆ ರಕ್ತದ ಕ್ಯಾನ್ಸರನ್ನು ಔಷಧದಿಂದ ಹಿಮ್ಮೆಟ್ಟಿಸಬಹುದೆಂಬ ಸತ್ಯ ಅಂದು ಲೋಕಕ್ಕೆ ತಿಳಿಯಿತು. ಅಮಿನೊಪ್ಟೆರಿನ್ನಿಗೆ ಸೋದರಿಯಾಗಿ ಅದೇ ಶಾಲೆಯಲ್ಲಿ ಹುಟ್ಟಿದ ಮೆಥೊಟ್ರೆಕ್ಸೇಟ್ ಹೆಚ್ಚು ನಿರಪಾಯವೆಂದು ಕಂಡುಬಂದು ಅದರ ಸ್ಥಾನಕ್ಕೆ ಬಂದಿತು.

ಇವೇ ವರ್ಷಗಳಲ್ಲಿ ಆನೆಕಾಲು ರೋಗಕ್ಕೆ ಹೆಟ್ರಜಾನ್ ಬಂದಿತು. ನಿವೃತ್ತಿಯ ಬಳಿಕ, ಎಪ್ಪತ್ತು ದಾಟಿದ ಪ್ರಾಯದಲ್ಲಿ ಸಸ್ಯವಿಜ್ಞಾನಿ ಬೆಂಜಮಿನ್ ಡಗರನ್ನು ಲೆಡರ್ಲಿ ಕೆಲಸಕ್ಕೆ ಕರೆದುಕೊಂಡಿದ್ದಿತು. ಮಿಸೌರಿ ಪ್ರಾಂತದ ಹೊಲದ ಮಣ್ಣಿನಲ್ಲಿದ್ದ ಹೊನ್ನಿನ ಬಣ್ಣದ ಸೂಕ್ಷ್ಮಜೀವಿಯೊಂದರಿಂದ ಆತ ಆರಿಯೊಮೈಸಿನ್ ತೆಗೆದನು. ಟೆಟ್ರಾಸೈಕ್ಲಿನ್ ಬಳಗದ ಮೊದಲ ಔಷಧ ಇದು. 1948ರ ಬೇಸಗೆಯಲ್ಲಿ ಇದರ ಸುದ್ದಿ ಲೋಕಕ್ಕೆ ಹೊರಟಾಗ ಸುಬ್ಬರಾಯರು ಸಭೆಯ ಮುಂದಣ ಸಾಲಿಗೆ ಬರಲಿಲ್ಲ. ಕೀರ್ತಿ ಕೆಲಸ ಮಾಡಿದ ಸಂಗಡಿಗರಿಗೆ ಸೇರಲಿ ಎಂಬುದೇ ಅವರ ರೀತಿ.

ಆ ವರ್ಷದ ಆಗಸ್ಟಿನಲ್ಲಿ, ಫಾರ್ಬರನ ವರದಿ ಬಂದ ಎರಡು ತಿಂಗಳಿಗೆ, ಸುಬ್ಬರಾಯರು ನಿದ್ರೆಯಲ್ಲಿಯೇ ಹೃದಯಸ್ತಂಭನದಿಂದ ತೀರಿಕೊಂಡರು. ವಯಸ್ಸು ಐವತ್ತಮೂರು. ಭಾರತ ಸ್ವತಂತ್ರವಾಗಿ ಒಂದು ವರ್ಷವಾಗಲು ಕೆಲವು ದಿನಗಳು ಉಳಿದಿದ್ದುವು. ಅಮೆರಿಕದ ಪೌರತ್ವವನ್ನು ಪಡೆಯದೆ, ಹುಟ್ಟಿದ ನಾಡಿಗೂ ಮರಳದೆ, ಕಾಲು ಶತಮಾನವನ್ನು ಪರದೇಶಿಯಾಗಿ ಕಳೆದ ಜೀವನ ಅಲ್ಲಿಗೆ ಮುಗಿಯಿತು.

ಮಗುವಿನ ತಟ್ಟೆ

ಸುಬ್ಬರಾಯರ ಕಥೆ ಅಲ್ಲಿಗೆ ಮುಗಿಯಲಿಲ್ಲವೆಂಬುದನ್ನು ನಾನು ನಮ್ಮ ಹೂಟಗಳ್ಳಿಯಲ್ಲಿಯೇ ಕಂಡೆ. ಕೆಲವು ವರ್ಷಗಳ ಹಿಂದೆ ನಮ್ಮ ನೆರೆಯ ಕಾರ್ಮಿಕರೊಬ್ಬರ ಆರು ವರ್ಷದ ಮಗನಿಗೆ ರಕ್ತದ ಕ್ಯಾನ್ಸರೆಂದು ತಿಳಿದುಬಂದಿತು. ಚಿಕಿತ್ಸೆ ಬೆಂಗಳೂರಿನಲ್ಲಿ ಆರಂಭವಾಯಿತು. ನೆರೆಹೊರೆಯವರದೆಲ್ಲ ಒಳ್ಳೆಯ ಮನಸ್ಸೇ. ರಕ್ತದ ರೋಗವೆಂದಮೇಲೆ ರಕ್ತ ಹೆಚ್ಚಿಸಬೇಕೆಂದು ಒಬ್ಬರು ಕಬ್ಬಿಣದ ಟಾನಿಕ್ ತಂದರು, ಮತ್ತೊಬ್ಬರು ಜೀವಸತ್ವದ ಮಾತ್ರೆ ತಂದರು. ಅನ್ನ ಕೊಟ್ಟರೆ ರೋಗವೇ ಕೊಬ್ಬುವುದೆಂದು ಇನ್ನಾರೋ ಹೆದರಿಸಿದ್ದರು. ಯಾವುದನ್ನು ಕೊಡಲಿ, ಯಾವುದನ್ನು ಬಿಡಲಿ ಎಂದು ಅಜ್ಜಿ ಕೈಯಲ್ಲಿ ಬಟ್ಟಲು ಹಿಡಿದು ಕೂತಿದ್ದ ಚಿತ್ರ ನನ್ನ ಕಣ್ಣಿನಿಂದ ಮಾಸಿಲ್ಲ. ಸುಬ್ಬರಾಯರ ಪ್ರಯೋಗಶಾಲೆಯ ಪ್ರಶ್ನೆಯೇ ಆ ಅಜ್ಜಿಯ ಬಟ್ಟಲಲ್ಲಿಯೂ ಇದ್ದಿತು.

ಇದಕ್ಕೆ ಇಂದಿನ ವೈದ್ಯಶಾಸ್ತ್ರ ಕೊಡುವ ಉತ್ತರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮಗುವನ್ನು ಉಪವಾಸ ಕೆಡವಿ ರೋಗವನ್ನು ಸೊರಗಿಸುವುದು ಸಾಧ್ಯವಿಲ್ಲ, ಸೊರಗುವುದು ಮಗುವೇ. ಸೊರಗಿದ ಮಗು ಔಷಧದ ತಾಪವನ್ನು ತಾಳಲಾರದು, ಸೋಂಕು ಬೇಗ ತಗುಲುತ್ತದೆ, ಚಿಕಿತ್ಸೆ ನಡುನಡುವೆ ನಿಲ್ಲುತ್ತದೆ. ಆದುದರಿಂದ ಅನ್ನ, ಬೇಳೆ, ಮೊಟ್ಟೆ, ಕಾಯಿಸಿದ ಹಾಲು ಮೊದಲಾದ ಪುಷ್ಟಿಯ ಆಹಾರ ಶುಚಿಯಾಗಿ, ಚೆನ್ನಾಗಿ ಬೆಂದು, ತಟ್ಟೆಗೆ ಬರಲೇಬೇಕು. ಚಿಕಿತ್ಸೆಯಲ್ಲಿ ಕೊಡುವ ಸ್ಟೀರಾಯ್ಡುಗಳಿಂದ ಎಲುಬು ಸಡಿಲಗೊಳ್ಳುವುದರಿಂದ ಸುಣ್ಣದಂಶ ಬೇಕು. ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಮ್ ಸುಣ್ಣದಂಶವುಳ್ಳ ನಮ್ಮ ರಾಗಿ ಇಲ್ಲಿ ದೊಡ್ಡ ಆಸರೆ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಸತುವನ್ನೂ ಕಬ್ಬಿಣವನ್ನೂ ಕಟ್ಟಿಹಾಕುತ್ತದೆ; ಮೊಳಕೆ ಬರಿಸಿದರೆ ಆ ಕಟ್ಟು ಸಡಿಲಾಗುತ್ತದೆ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಮಗುವಿಗೆ ರಾಗಿಸರಿ ಮಾಡುತ್ತಿದ್ದ ನಮ್ಮ ಹಿರಿಯ ಹೆಂಗಸರು ಈ ರಸಾಯನವನ್ನು ಓದಿದವರಲ್ಲ, ಆದರೆ ಬಲ್ಲವರು. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯವೂ ಮೊಳಕೆಯ ಧಾನ್ಯಗಳ ಶಿಶು ಆಹಾರವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದೆ.

ಲೇಶ ಖನಿಜಗಳ ವಿಷಯ ಇನ್ನೂ ನಾಜೂಕಾದುದು. ಈ ಮಕ್ಕಳ ರಕ್ತದಲ್ಲಿ ಸತು ಕಡಮೆಯಾಗಿಯೂ ತಾಮ್ರ ಹೆಚ್ಚಾಗಿಯೂ ಇರುವುದನ್ನು ವೈದ್ಯರು ಅನೇಕ ಸಲ ಕಂಡಿದ್ದಾರೆ; ರೋಗ ಇಳಿದಂತೆ ತಾಮ್ರವೂ ಇಳಿಯುತ್ತದೆ. ಮನುಷ್ಯನಲ್ಲಿ ಸತುವಿನ ಕೊರತೆಯಿಂದ ಬೆಳವಣಿಗೆ ಕುಂಠಿತವಾಗುವುದೆಂದು 1960ರ ದಶಕದ ಆರಂಭದಲ್ಲಿ ತೋರಿಸಿದವರೂ ಭಾರತದಲ್ಲಿ ಹುಟ್ಟಿದವರೇ — ಡಾ. ಆನಂದ ಪ್ರಸಾದ್. ಸತು ತಗ್ಗಿದರೆ ನಾಲಗೆಯ ರುಚಿ ಕೆಡುತ್ತದೆ, ಹುಣ್ಣು ಬೇಗ ಮಾಯುವುದಿಲ್ಲ. ಹಾಗೆಂದು ರಕ್ತಪರೀಕ್ಷೆಯ ಅಂಕಿಯೊಂದನ್ನು ನೋಡಿ ಮಾತ್ರೆ ನುಂಗಿಸುವುದು ತರವಲ್ಲ. ಉರಿಯೂತವಿದ್ದಾಗ ದೇಹವೇ ಸತುವನ್ನು ರಕ್ತದಿಂದ ಒಳಕ್ಕೆ ಎಳೆದುಕೊಳ್ಳುತ್ತದೆ, ತಾಮ್ರವನ್ನು ಹೊರುವ ಪ್ರೋಟೀನನ್ನು ಹೆಚ್ಚಿಸುತ್ತದೆ. ಕಬ್ಬಿಣದ ಮಾತಂತೂ ಬೇರೆಯೇ. ಪದೇ ಪದೇ ರಕ್ತ ಪಡೆದ ಮಗುವಿನ ಮೈಯಲ್ಲಿ ಆ ರಕ್ತದ ಕಬ್ಬಿಣವೆಲ್ಲ ಕೂಡಿಕೊಳ್ಳುತ್ತದೆ. ಹೆಚ್ಚಾದುದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಅದರ ಮೇಲೆ ಟಾನಿಕ್ ಕುಡಿಸುವುದು ತುಂಬಿದ ಕೆರೆಗೆ ತೂಬು ಮುಚ್ಚಿ ನೀರು ಹಾಯಿಸಿದಂತೆ. ಫೋಲಿಕ್ ಆಮ್ಲದ ಮಾತ್ರೆಯಾದರೋ ಮೆಥೊಟ್ರೆಕ್ಸೇಟಿಗೆ ನೇರ ಎದುರಾಳಿ. ಅದೇ ಬಳಗದ ಲ್ಯುಕೊವೊರಿನ್ ಎಂಬುದನ್ನು, ಮೆಥೊಟ್ರೆಕ್ಸೇಟನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟ ಬಳಿಕ, ಗಂಟೆಗಳ ಲೆಕ್ಕವಿಟ್ಟು ವೈದ್ಯರೇ ಕೊಡುತ್ತಾರೆ. ಆಗ ಅದು ಮಗುವಿನ ಆರೋಗ್ಯದ ಕಣಗಳನ್ನು ಕಾಪಾಡುತ್ತದೆ. ಒಂದೇ ವಸ್ತು ಹೊತ್ತು ನೋಡಿ ಕೊಟ್ಟರೆ ಅಮೃತ, ಹೊತ್ತು ತಪ್ಪಿದರೆ ಅಡ್ಡಿ. ಆದುದರಿಂದ ಚಿಕಿತ್ಸೆ ಮಾಡುತ್ತಿರುವ ವೈದ್ಯರನ್ನು ಕೇಳದೆ ಯಾವ ಟಾನಿಕ್ಕನ್ನೂ ಇಂಥ ಮನೆಗೆ ಒಯ್ಯಬಾರದು. ಒಯ್ಯಬೇಕೆನಿಸಿದರೆ ಬಸ್ಸಿನ ಖರ್ಚಿಗೆ ಹಣ ಒಯ್ಯಬಹುದು. ಕೆಲಸಕ್ಕೆ ಹೋಗುವ ತಾಯಿಯ ಪರವಾಗಿ ಒಂದು ಹೊತ್ತು ಮಗುವಿನ ಬಳಿ ಕೂತಿರಬಹುದು.

ಅಜ್ಜಿ ಆ ಟಾನಿಕ್ಕುಗಳನ್ನು ಕಪಾಟಿಗೆ ಸೇರಿಸಿ, ವೈದ್ಯರು ಹೇಳಿದಂತೆ ರಾಗಿಸರಿಯನ್ನೂ ಬೇಳೆಯ ಕಟ್ಟನ್ನೂ ಮಾಡಿ ಉಣಿಸಿದರು. ಆ ಹುಡುಗ ಈಗ ಪ್ರೌಢಶಾಲೆಯಲ್ಲಿ ಓದುತ್ತಿದ್ದಾನೆ.

ಅವನಿಗೆ ಎರಡು ವರ್ಷಕ್ಕೂ ಮಿಕ್ಕಿ ಕೊಟ್ಟ ಮಾತ್ರೆಗಳಲ್ಲಿ ಮುಖ್ಯವಾದುವು ಎರಡು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನವೂ ಮರ್ಕ್ಯಾಪ್ಟೊಪ್ಯೂರಿನ್. ಮೊದಲನೆಯದು ಸುಬ್ಬರಾಯರ ಶಾಲೆಯದು. ಎರಡನೆಯದು 1950ರ ದಶಕದ ಆರಂಭದಲ್ಲಿ ಗರ್ಟ್ರೂಡ್ ಎಲಿಯನ್ ಎಂಬಾಕೆಯೂ ಜಾರ್ಜ್ ಹಿಚಿಂಗ್ಸನೂ ಕೂಡಿ ತಯಾರಿಸಿದುದು. ಹಾರ್ವರ್ಡಿನಲ್ಲಿ ಸುಬ್ಬರಾಯರೊಡನೆ ಓದಿದ ಅದೇ ಹಿಚಿಂಗ್ಸ್. ಇಬ್ಬರು ಸಹಪಾಠಿಗಳ ಕೆಲಸ ಹೀಗೆ ಮಗುವಿನ ಮಾತ್ರೆಯ ಡಬ್ಬಿಯಲ್ಲಿ ಒಂದಾಗಿದೆ. ಸಕಾಲದಲ್ಲಿ ಪೂರ್ಣ ಚಿಕಿತ್ಸೆ ದೊರೆತರೆ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿನಲ್ಲಿ ಮುಂದುವರಿದ ದೇಶಗಳಲ್ಲಿ ಇಂದು ನೂರಕ್ಕೆ ಸುಮಾರು ತೊಂಬತ್ತು ಮಕ್ಕಳು ಬದುಕುತ್ತಾರೆ. ನಮ್ಮಲ್ಲಿ ಆ ಸಂಖ್ಯೆಯನ್ನು ಕೆಳಕ್ಕೆ ಎಳೆಯುತ್ತಿರುವ ಕಾರಣಗಳಲ್ಲಿ ಬಡತನವೂ ಅಪೌಷ್ಟಿಕತೆಯೂ ನಡುದಾರಿಯಲ್ಲಿ ಚಿಕಿತ್ಸೆಯನ್ನು ಬಿಟ್ಟುಬಿಡುವುದೂ ಸೇರಿವೆ. ಔಷಧವನ್ನು ಸುಬ್ಬರಾಯರು ಕೊಟ್ಟರು. ಉಳಿದುದು ನಮ್ಮ ಸಮಾಜದ ಹೊಣೆ.

ಋಣ

ಅಮೆರಿಕದ ವಿಜ್ಞಾನಿಗಳು ಒಂದು ಶಿಲೀಂಧ್ರಕ್ಕೆ ಸುಬ್ಬರಾಯರ ಹೆಸರನ್ನಿಟ್ಟರು. ಭಾರತ ಸರ್ಕಾರ ಅವರ ಜನ್ಮಶತಾಬ್ದಿಯಾದ 1995ರಲ್ಲಿ ಅಂಚೆಚೀಟಿಯನ್ನು ಹೊರಡಿಸಿತು. ನೊಬೆಲ್ ಪಾರಿತೋಷಕ ಬರಲಿಲ್ಲವೆಂದು ಮರುಗುವವರುಂಟು; ಅವರು ತಾವಾಗಿ ಅದಕ್ಕೆ ಮರುಗಿದ ಕುರುಹು ಅವರ ನಡವಳಿಕೆಯಲ್ಲಿ ಕಾಣುವುದಿಲ್ಲ.

ಸ್ಪ್ರೂ ರೋಗಕ್ಕೆ ವೈದ್ಯರು ಇಂದು ಏನನ್ನು ಕೊಡುತ್ತಾರೆಂದು ವಿದ್ಯಾರ್ಥಿಗಳು ಯಾವುದಾದರೂ ವೈದ್ಯಗ್ರಂಥವನ್ನು ತೆರೆದು ನೋಡಲಿ. ಫೋಲಿಕ್ ಆಮ್ಲ, ಅದರೊಡನೆ ಟೆಟ್ರಾಸೈಕ್ಲಿನ್ — ಕೆಲವು ತಿಂಗಳ ಕಾಲ. ಎರಡರ ಮೂಲವೂ ಪರ್ಲ್ ರಿವರಿನ ಅದೇ ಪ್ರಯೋಗಶಾಲೆ. ಕೆಲವೇ ದಿನಗಳ ಅಂತರದಲ್ಲಿ ತನ್ನಿಬ್ಬರು ಸಹೋದರರನ್ನು ಕೊಂಡೊಯ್ದ ರೋಗಕ್ಕೆ ಸುಬ್ಬರಾಯರು ಕಾಲು ಶತಮಾನದ ಬಳಿಕ ಎರಡೂ ಮದ್ದನ್ನು ಸಿದ್ಧಪಡಿಸಿಟ್ಟು ಹೋದರು. ಆ ಸಹೋದರರಿಗೆ ಅವು ಒದಗಲಿಲ್ಲ. ಅವರನ್ನು ಹೋಲುವ ಎಷ್ಟೋ ಮನೆಗಳ ಮಕ್ಕಳಿಗೆ ಒದಗಿವೆ.